ಪುಟ್ಟ ಮಕ್ಕಳ ವಿಶೇಷ ಶಿಕ್ಷಕರಾಗಲು ದಾರಿ: ಮೈಸೂರು, ಮಂಡ್ಯದವರಿಗೆ

ಬೆಳಗಿನ ಹೊತ್ತು ಮಂಡ್ಯ ಕಡೆಯಿಂದ ಮೈಸೂರಿಗೆ ಬರುವ ಬಸ್ಸಿನಲ್ಲೋ ರೈಲಿನಲ್ಲೋ ಇಂಥ ತಾಯಿಯನ್ನು ನೀವು ನೋಡಿರಬಹುದು. ಕಂಕುಳಲ್ಲಿ ಎರಡೂವರೆ, ಮೂರು ವರ್ಷದ ಮಗು. ಹೆಗಲಿಗೆ ಬಟ್ಟೆ ಚೀಲ. ಚೀಲದಲ್ಲಿ ಊಟದ ಡಬ್ಬಿ, ಬದಲಿ ಚಡ್ಡಿ, ಒಂದು ಪ್ಲಾಸ್ಟಿಕ್ ಫೈಲು. ಫೈಲಿನ ತುಂಬಾ ಆಸ್ಪತ್ರೆ ಚೀಟಿ. ಮಗು ಕಿರುಚುತ್ತದೆ, ಕಿಟಕಿಗೆ ತಲೆ ಕುಟ್ಟುತ್ತದೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ತಾಯಿ ಯಾರ ಮುಖವನ್ನೂ ನೋಡುವುದಿಲ್ಲ. ಕಂಡಕ್ಟರಿಗೆ ಮೆಲ್ಲಗೆ ‘ಸ್ಪೀಚ್ ಅಂಡ್ ಹಿಯರಿಂಗ್ ಹತ್ರ ಹೋಗ್ಬೇಕು, ಎಲ್ಲಿ ಇಳೀಬೇಕು’ ಅಂತ ಕೇಳುತ್ತಾಳೆ.

ಇಂಥ ತಾಯಿ ಮಕ್ಕಳ ಜೊತೆ ಕೆಲಸ ಮಾಡುವವರು ವಿಶೇಷ ಶಿಕ್ಷಕರು. ನಾನು ಅವರಲ್ಲಿ ಒಬ್ಬಳು. ಪಿಯುಸಿ ಮುಗಿಸಿದ ಹುಡುಗಿಯರು, ನರ್ಸರಿ ಟೀಚರುಗಳು, ಅಂಗನವಾಡಿಯಲ್ಲಿ ದುಡಿಯುವವರು, ಎಷ್ಟೋ ಸಲ ಇಂಥ ಮಗುವಿನ ತಾಯಂದಿರೇ ‘ಮೇಡಂ, ನಿಮ್ಮ ಕೆಲಸಕ್ಕೆ ಬರಬೇಕಾದರೆ ಏನು ಓದಬೇಕು?’ ಎಂದು ಕೇಳುತ್ತಾರೆ. ಗಂಡು ಹುಡುಗರು ಕಡಿಮೆ ಕೇಳುತ್ತಾರೆ. ಅವರೂ ಬರಬೇಕು, ಅಪ್ಪಂದಿರ ಜೊತೆ ಮಾತಾಡಲು ಅವರು ಬೇಕೇ ಬೇಕು. ಇವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷದೊಳಗಿನ ಮಕ್ಕಳ ವಿಶೇಷ ಶಿಕ್ಷಣದಲ್ಲಿ ಅರ್ಧ ಕೆಲಸ ಮಗುವಿನ ಜೊತೆ, ಇನ್ನರ್ಧ ಮನೆಯವರ ಜೊತೆ. ದಿನಾ ಬರುವ ಮಗುವೂ ನಿಮ್ಮ ಹತ್ತಿರ ಇರುವುದು ಕೆಲವೇ ಗಂಟೆ. ಎಷ್ಟೋ ಮಕ್ಕಳು ವಾರಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಉಳಿದ ಹೊತ್ತೆಲ್ಲ ಮನೆಯಲ್ಲಿ. ‘ನನಗೆ ಮಕ್ಕಳೆಂದರೆ ಇಷ್ಟ’ ಎನ್ನುವುದು ಒಳ್ಳೆಯದೇ, ಆದರೆ ಸಾಲದು. ದಣಿದು ಬಂದ ದೊಡ್ಡವರ ಜೊತೆ ಕೂತು ಮಾತಾಡಲೂ ಇಷ್ಟ ಇರಬೇಕು.

ಹೆಜ್ಜೆ 1: ಫೀಸು ಕಟ್ಟುವ ಮುಂಚೆ ಹೋಗಿ ಕೂತು ನೋಡಿ

ಮೈಸೂರಿನವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಜನ ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುವುದು ಇದನ್ನೇ. 1965ರಲ್ಲಿ ಶುರುವಾದ, ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ ಸಂಸ್ಥೆ. ಅಲ್ಲಿ ಪುಟ್ಟ ಮಕ್ಕಳಿಗೆ ಪ್ರೀಸ್ಕೂಲ್ ನಡೆಯುತ್ತದೆ. ತಾಯಂದಿರೂ ಮಗುವಿನ ಜೊತೆ ಕೂತು ಕಲಿಯುತ್ತಾರೆ. ದೂರದ ರಾಜ್ಯಗಳಿಂದ ಬಂದು, ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದು ಮಗುವನ್ನು ಓದಿಸುವವರಿದ್ದಾರೆ. ಅದಕ್ಕೇ ಕನ್ನಡದ ಜೊತೆ ಬೇರೆ ಭಾಷೆಯ ಗುಂಪುಗಳೂ ಅಲ್ಲಿವೆ. ಊರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆ ಇದೆ. ಅದು ಮಹಾರಾಜರ ಕಾಲದ್ದು, 1901ರಿಂದ ಇದೆ. ದೃಷ್ಟಿ ಇಲ್ಲದ ಹೆಣ್ಣುಮಕ್ಕಳಿಗಾಗಿ 1988ರಲ್ಲಿ ಆರಂಭವಾದ ರಂಗರಾವ್ ಸ್ಮಾರಕ ಶಾಲೆ ಇದೆ. ಕಿವಿ ಕೇಳದ ಮಕ್ಕಳ ತಂದೆತಾಯಿಯರೇ ಸೇರಿ ಕಟ್ಟಿದ ತರಬೇತಿ ಕೇಂದ್ರವೂ ಇದೆ. ಅಲ್ಲಿ ಮಗುವಿನಷ್ಟೇ ತಾಯಿಯೂ ವಿದ್ಯಾರ್ಥಿ.

ಇಂಥ ಒಂದು ಕಡೆ, ಇಲ್ಲವೇ ನಿಮ್ಮ ಮನೆ ಹತ್ತಿರದ ಯಾವುದಾದರೂ ವಿಶೇಷ ಶಾಲೆಯಲ್ಲಿ ಎರಡು ವಾರ ಕೂತು ನೋಡಲು ಅನುಮತಿ ಕೇಳಿ. ಸುಮ್ನೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಮುಖ್ಯಸ್ಥರ ಹೆಸರಿಗೆ ಒಂದು ಪುಟದ ಪತ್ರ ಬರೆದು, ಯಾಕೆ ಬರುತ್ತೀರಿ, ಎಷ್ಟು ದಿನ ಎಂದು ತಿಳಿಸಿ. ಒಂದು ಕಡೆ ಆಗದು ಅಂದರೆ ಇನ್ನೊಂದು ಕಡೆ ಕೇಳಿ. ಒಳಗೆ ಹೋದ ಮೇಲೆ ಫೋನು ಚೀಲದಲ್ಲಿರಲಿ. ಮಕ್ಕಳ ಫೋಟೊ, ವಿಡಿಯೊ ತೆಗೆಯಬೇಡಿ. ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ. ಆ ಮಗುವಿಗೂ ಮಾನ ಇದೆ.

ಏನು ನೋಡಬೇಕು? ಶಿಕ್ಷಕಿಯ ಕೈ ನೋಡಿ. ಮಗುವಿನ ಕೈ ಹಿಡಿದು ಯಾವಾಗ ಮಾಡಿಸುತ್ತಾಳೆ, ಯಾವಾಗ ಕೈ ಬಿಟ್ಟು ಕಾಯುತ್ತಾಳೆ ಎಂಬುದನ್ನು ಗಮನಿಸಿ. ಆ ಕಾಯುವುದಿದೆಯಲ್ಲ, ಅದೇ ಈ ವಿದ್ಯೆಯ ತಿರುಳು. ಹತ್ತು ಸೆಕೆಂಡು ಸುಮ್ಮನೆ ಕಾದರೆ ಮಗು ತಾನೇ ಚಮಚ ಎತ್ತಿಕೊಳ್ಳಬಹುದು. ನಮಗೆ ಆ ಹತ್ತು ಸೆಕೆಂಡು ಬಹಳ ಉದ್ದ ಅನ್ನಿಸುತ್ತದೆ.

ಎರಡು ವಾರದಲ್ಲಿ ನಿಮ್ಮ ಮೇಲೆ ಜೊಲ್ಲು ಬೀಳುತ್ತದೆ, ಯಾರೋ ಕಚ್ಚುತ್ತಾರೆ, ಯಾರದೋ ಚಡ್ಡಿ ಒದ್ದೆಯಾಗುತ್ತದೆ. ಮಾರನೆಯ ದಿನ ಮತ್ತೆ ಹೋಗಬೇಕು ಅನ್ನಿಸಿದರೆ ಮುಂದಿನ ಹೆಜ್ಜೆ ಇಡಿ. ಅನ್ನಿಸದಿದ್ದರೆ ತಪ್ಪೇನೂ ಇಲ್ಲ. ಎರಡು ವರ್ಷ ಓದಿದ ಮೇಲೆ ಗೊತ್ತಾಗುವ ಬದಲು ಎರಡು ವಾರದಲ್ಲಿ ಗೊತ್ತಾಯಿತು, ಅಷ್ಟೇ.

ಹೆಜ್ಜೆ 2: ಯಾವ ಮಕ್ಕಳ ಜೊತೆ ಎಂದು ತೀರ್ಮಾನಿಸಿ

1995ರ ಕಾನೂನಿನಲ್ಲಿ 7 ಬಗೆಯ ಅಂಗವೈಕಲ್ಯಗಳ ಪಟ್ಟಿ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಯಿತು. ಆಟಿಸಂ (ಬೇರೆಯವರ ಜೊತೆ ಬೆರೆಯಲು, ಮಾತಾಡಲು ಕಷ್ಟವಾಗುವ ಸ್ಥಿತಿ), ಕಲಿಕಾ ನ್ಯೂನತೆ ಇವೆಲ್ಲ ಆಗ ಸೇರಿದವು. ನಮ್ಮ ಕೋರ್ಸುಗಳೂ ಹೀಗೇ ಭಾಗವಾಗಿವೆ: ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಮತ್ತು ಬೆಳವಣಿಗೆಯ ತೊಂದರೆ, ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ಬಹುವಿಧ ವೈಕಲ್ಯ, ಹೀಗೆ. ಒಂದನ್ನು ಆರಿಸಿಕೊಂಡು ಓದಬೇಕು.

ಕಲಿಕಾ ನ್ಯೂನತೆ ಸಾಮಾನ್ಯವಾಗಿ ಮಗು ಓದು ಬರಹ ಶುರು ಮಾಡಿದ ಮೇಲೆಯೇ ಖಚಿತವಾಗುವುದು. ಪುಟಾಣಿಗಳ ಜೊತೆಯೇ ಇರಬೇಕು ಎನ್ನುವವರು ಅದನ್ನು ಆರಿಸಿಕೊಳ್ಳಬೇಡಿ. ಹಳ್ಳಿಗಳಲ್ಲಿ, ತಾಲ್ಲೂಕು ಕೇಂದ್ರಗಳಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಬೌದ್ಧಿಕ ಮತ್ತು ಬೆಳವಣಿಗೆಯ ತೊಂದರೆಯ ವಿಭಾಗ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಡೌನ್ ಸಿಂಡ್ರೋಮ್ ಮಗು, ತಡವಾಗಿ ನಡೆದ ಮಗು, ಫಿಟ್ಸ್ ಬಂದು ಹಿಂದೆ ಬಿದ್ದ ಮಗು, ಎಲ್ಲರೂ ನಿಮ್ಮ ಹತ್ತಿರವೇ ಬರುತ್ತಾರೆ. ಮೈಸೂರಿನಲ್ಲೇ ಇದ್ದು ಓದುವುದಾದರೆ ಶ್ರವಣದೋಷದ ವಿಭಾಗಕ್ಕೆ ಇಲ್ಲಿ ಸಿಗುವಷ್ಟು ಅನುಭವ ದೇಶದಲ್ಲಿ ಹೆಚ್ಚು ಕಡೆ ಸಿಗುವುದಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಕಿವಿ ಮಿಷನ್ ಮತ್ತು ತರಬೇತಿ ಎಂಬ ಲೆಕ್ಕವನ್ನು ಈ ಕ್ಷೇತ್ರದವರೆಲ್ಲ ಹೇಳುತ್ತಾರೆ. ಆ ಲೆಕ್ಕ ತಪ್ಪಿದ ಮಗು ನಾಲ್ಕು ವರ್ಷಕ್ಕೆ ಬಂದಾಗ ಎಷ್ಟು ಕಷ್ಟ ಎಂಬುದನ್ನು ಇಲ್ಲಿ ಕಣ್ಣಾರೆ ನೋಡುತ್ತೀರಿ.

ಶ್ರವಣದೋಷ ಆರಿಸಿಕೊಂಡವರಿಗೆ ಇನ್ನೊಂದು ಮಾತು. ಮಾತು ಕಲಿಸುವುದು, ಸನ್ನೆ ಭಾಷೆ ಕಲಿಸುವುದು ಎರಡೂ ಪರಸ್ಪರ ವೈರಿಗಳು ಎಂಬಂತೆ ಕೆಲವರು ಮಾತಾಡುತ್ತಾರೆ. ನಾನು ಒಪ್ಪುವುದಿಲ್ಲ. ಮಗುವಿಗೆ ಮೊದಲು ಒಂದು ಭಾಷೆ ಬೇಕು. ಕಿವಿ ಮಿಷನ್ನಿನಿಂದ ಪ್ರಯೋಜನ ಆಗದ ಮಗುವನ್ನು ಭಾಷೆಯೇ ಇಲ್ಲದೆ ಐದು ವರ್ಷ ಕೂರಿಸುವುದು ಅನ್ಯಾಯ. ಭಾರತೀಯ ಸನ್ನೆ ಭಾಷೆಯನ್ನು ನೀವೂ ಕಲಿಯಿರಿ.

ಹೆಜ್ಜೆ 3: ಕೋರ್ಸು ಆರಿಸುವಾಗ ಒಂದೇ ಒಂದು ಪ್ರಶ್ನೆ ಕೇಳಿ

ಆ ಪ್ರಶ್ನೆ ಇದು: ಈ ಕೋರ್ಸಿಗೆ, ಈ ಸಂಸ್ಥೆಯಲ್ಲಿ, ಈ ವರ್ಷಕ್ಕೆ ಆರ್‌ಸಿಐ ಮಾನ್ಯತೆ ಇದೆಯಾ?

ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. 1992ರ ಕಾಯ್ದೆಯಿಂದ ಬಂದದ್ದು. ವಿಶೇಷ ಶಿಕ್ಷಕರ ಪಠ್ಯ, ಅರ್ಹತೆ, ನೋಂದಣಿ ಎಲ್ಲ ಅವರದೇ. ಓದು ಮುಗಿದ ಮೇಲೆ ಅವರ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ಸೇರಿಸಿ, ಒಂದು ಸಿಆರ್‌ಆರ್ ಸಂಖ್ಯೆ ಕೊಡುತ್ತಾರೆ. ನೋಂದಣಿ ಇಲ್ಲದೆ ಈ ವೃತ್ತಿ ಮಾಡುವುದು ಕಾನೂನಿನ ಪ್ರಕಾರ ಅಪರಾಧ. 1 ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ ಆಗಬಹುದು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಒಬ್ಬಳು ಜಾಹೀರಾತು ನೋಡಿ ಒಂದು ವರ್ಷದ ‘ಸ್ಪೆಷಲ್ ಎಜುಕೇಷನ್ ಡಿಪ್ಲೊಮಾ’ ಸೇರಿದ್ದಳು. ಅಪ್ಪ ಹಸು ಮಾರಿ ಫೀಸು ಕಟ್ಟಿದ್ದರು. ಚಂದದ ಸರ್ಟಿಫಿಕೇಟು ಬಂತು. ಕೆಲಸಕ್ಕೆ ಅರ್ಜಿ ಹಾಕಿದಾಗ ಸಿಆರ್‌ಆರ್ ಸಂಖ್ಯೆ ಕೇಳಿದರು. ಅವಳ ಕೋರ್ಸಿಗೆ ಮಾನ್ಯತೆಯೇ ಇರಲಿಲ್ಲ. ಪಾಪ, ಮೊದಲಿನಿಂದ ಓದಬೇಕಾಯಿತು. ಈಗ ಚೆನ್ನಾಗಿದ್ದಾಳೆ, ಆದರೆ ಆ ಹಸು ಮತ್ತೆ ಬರಲಿಲ್ಲ. ಆದ್ದರಿಂದ ಕಾಲೇಜಿನವರು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಆರ್‌ಸಿಐ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇರುತ್ತದೆ. ರಾಜ್ಯ ಆರಿಸಿ, ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಮಾನ್ಯತೆ ಯಾವ ವರ್ಷದವರೆಗೆ ಎಂಬ ಮೂರನ್ನೂ ನೀವೇ ನೋಡಿ.

ಪಿಯುಸಿ ಆದವರಿಗೆ ಡಿ.ಎಡ್. ವಿಶೇಷ ಶಿಕ್ಷಣ, 2 ವರ್ಷ. ಪಿಯುಸಿಯಲ್ಲಿ ಶೇ 50 ಅಂಕ ಬೇಕು, ಯಾವ ವಿಭಾಗದವರಾದರೂ ಆಗಬಹುದು. ಮೀಸಲಾತಿ ಇರುವವರಿಗೆ ಅಂಕದಲ್ಲಿ ಸಡಿಲಿಕೆ ಇದೆ. ಡಿಗ್ರಿ ಆದವರಿಗೆ ಬಿ.ಎಡ್. ವಿಶೇಷ ಶಿಕ್ಷಣ, ಅದೂ 2 ವರ್ಷ. ಶ್ರವಣದೋಷವಿರುವ ಪುಟ್ಟ ಮಕ್ಕಳಿಗೆಂದೇ ರೂಪಿಸಿದ ಡಿಪ್ಲೊಮಾವನ್ನು ವಾಕ್ ಶ್ರವಣ ಸಂಸ್ಥೆ ನಡೆಸಿಕೊಂಡು ಬಂದಿದೆ. ಅಲ್ಲೇ ಶ್ರವಣದೋಷದ ಬಿ.ಎಡ್. ಕೂಡ ನಡೆದಿದೆ. ಪ್ರತಿ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಆ ವರ್ಷ ಯಾವ ಕೋರ್ಸು, ಎಷ್ಟು ಸೀಟು ಎಂದು ನೋಡಿಕೊಳ್ಳಿ.

ಡಿಪ್ಲೊಮಾನಾ, ಬಿ.ಎಡ್.ಆ? ಪುಟ್ಟ ಮಕ್ಕಳೇ ನಿಮ್ಮ ಗುರಿಯಾದರೆ, ಡಿಗ್ರಿ ಆಗಿದ್ದರೂ ಡಿಪ್ಲೊಮಾ ಕಡೆ ನೋಡಿ ಎನ್ನುತ್ತೇನೆ. ಬಿ.ಎಡ್. ಪಠ್ಯ ಹೆಚ್ಚಾಗಿ ದೊಡ್ಡ ತರಗತಿಗಳ ಕಡೆ ವಾಲುತ್ತದೆ. ಜೊತೆಗೆ, ಸಾಮಾನ್ಯ ಬಿ.ಎಡ್. ಪ್ರಾಥಮಿಕ ಶಾಲಾ ಶಿಕ್ಷಕರ ಹುದ್ದೆಗೆ ಅರ್ಹತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು. ಅಲ್ಲಿಂದೀಚೆ ಕೆಳ ತರಗತಿಗಳ ನೇಮಕಾತಿ ಪ್ರಕಟಣೆಗಳನ್ನು ಒಂದೊಂದು ಸಾಲೂ ಓದಿಯೇ ಅರ್ಜಿ ಹಾಕಬೇಕು.

ಓದು ಮುಗಿದ ಕೂಡಲೇ ಸಿಆರ್‌ಆರ್‌ಗೆ ಅರ್ಜಿ ಹಾಕಿ, ತಡ ಮಾಡಬೇಡಿ. ಅದನ್ನು ಆಗಾಗ ನವೀಕರಿಸಬೇಕು, ಅದಕ್ಕೆ ಕಾರ್ಯಾಗಾರಗಳಲ್ಲಿ ಕೂತು ಅಂಕ ಗಳಿಸಬೇಕು. ಆ ಪ್ರಮಾಣಪತ್ರಗಳನ್ನು ಒಂದು ಕಡೆ ಜೋಪಾನವಾಗಿಡಿ.

ಹೆಜ್ಜೆ 4: ಸರಿಯಾದ ಬೆಳವಣಿಗೆ ಗೊತ್ತಿರಲಿ, ಕಂಡದ್ದನ್ನು ಬರೆಯಲು ಕಲಿಯಿರಿ

ಕೋರ್ಸಿನಲ್ಲಿ ಬಹಳ ಕಲಿಸುತ್ತಾರೆ. ಅದರಲ್ಲಿ ಮೂರು ಕೈಗೆ ಹತ್ತುವವರೆಗೆ ಬಿಡಬೇಡಿ.

ಮೊದಲನೆಯದು ಮಗುವಿನ ಸಹಜ ಬೆಳವಣಿಗೆ. ಒಂದು ವರ್ಷಕ್ಕೆ ಹೆಸರು ಕೂಗಿದರೆ ತಿರುಗಬೇಕು. ಅಷ್ಟರಲ್ಲಿ ಬಬಬ, ಮಮಮ ಎಂಬ ತೊದಲು ಬಂದಿರಬೇಕು, ಟಾಟಾ ಮಾಡಬೇಕು, ಬೇಕಾದ್ದಕ್ಕೆ ಕೈ ತೋರಿಸಲು ಶುರು ಮಾಡಬೇಕು. ಒಂದೂವರೆ ವರ್ಷಕ್ಕೆ ಕೆಲವು ಪದ. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸಬೇಕು. ಇದು ಬಾಯಿಪಾಠ ಆಗಿರಬೇಕು, ಏಕೆಂದರೆ ಊರಿನವರ ಲೆಕ್ಕ ಬೇರೆ. ‘ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು’ ಎಂದು ಅಜ್ಜಿ ಹೇಳುತ್ತಾರೆ. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ಹೀಗೆ ಎರಡು ವರ್ಷ ಕಳೆಯುತ್ತದೆ. ಅಜ್ಜಿಯನ್ನು ಗದರಿಸಬೇಡಿ, ಆಕೆಯದೂ ಪ್ರೀತಿಯೇ. ‘ಅಜ್ಜಿ, ಜೊತೆಗೆ ಕಿವಿನೂ ಒಂದ್ಸಲ ಪರೀಕ್ಷೆ ಮಾಡಿಸಿಬಿಡೋಣ’ ಎಂದರೆ ಒಪ್ಪುತ್ತಾರೆ. ಮಾತು ತಡವಾದ ಯಾವ ಮಗುವಿಗೂ ಕಿವಿ ಪರೀಕ್ಷೆ ಆಗಿಲ್ಲ ಎಂದಾಗಬಾರದು. ಆದರೆ ಇದು ಆಟಿಸಂ, ಇದು ಬೇರೆ ಎಂದು ಹೆಸರಿಡುವುದು ನಿಮ್ಮ ಕೆಲಸ ಅಲ್ಲ. ಅದು ವೈದ್ಯರು, ಮನಶ್ಶಾಸ್ತ್ರಜ್ಞರು, ವಾಕ್ ಶ್ರವಣ ತಜ್ಞರ ಕೆಲಸ. ಅಲ್ಲಿಗೆ ಬೇಗ ಕಳಿಸುವುದು ನಿಮ್ಮದು.

ಎರಡನೆಯದು ಬರೆಯುವುದು. ‘ಇವತ್ತು ತುಂಬಾ ಹಠ ಮಾಡಿದ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘10.20ಕ್ಕೆ ಚೆಂಡು ತೆಗೆದುಕೊಂಡೆವು. ನೆಲಕ್ಕೆ ಬಿದ್ದು ಸುಮಾರು 2 ನಿಮಿಷ ಅತ್ತ. ಚೆಂಡು ವಾಪಸ್ ಕೊಟ್ಟ ಕೂಡಲೇ ನಿಲ್ಲಿಸಿದ.’ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಒಂದು ವಾರ ಹೀಗೆ ಬರೆದರೆ ‘ಹಠ’ದ ಒಳಗೆ ಒಂದು ಮಾತು ಕಾಣುತ್ತದೆ. ಆ ಮಗುವಿಗೆ ‘ಇನ್ನೂ ಬೇಕು’ ಎಂದು ಹೇಳಲು ಬೇರೆ ದಾರಿ ಗೊತ್ತಿಲ್ಲ. ಹಾಗಾದರೆ ನೀವು ಕಲಿಸಬೇಕಾದ್ದು ಶಿಸ್ತಲ್ಲ, ‘ಇನ್ನೂ ಬೇಕು’ ಎಂಬುದನ್ನು. ಬಾಯಲ್ಲೋ, ಕೈಸನ್ನೆಯಲ್ಲೋ, ಚಿತ್ರದ ಕಾರ್ಡಿನಲ್ಲೋ, ಮಗುವಿಗೆ ಯಾವುದು ಸಾಧ್ಯವೋ ಅದರಲ್ಲಿ. ಕಾರ್ಡು ಕೊಟ್ಟರೆ ಮಾತು ಬರುವುದೇ ಇಲ್ಲ ಎಂದು ತಂದೆತಾಯಿ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳುವ ದಾರಿ ಸಿಕ್ಕ ಮಗುವಿಗೆ ಮಾತಿನ ಮೇಲೂ ಆಸೆ ಬರುತ್ತದೆ ಎಂದು ಅವರಿಗೆ ತಾಳ್ಮೆಯಿಂದ ಹೇಳಿ.

ಮೂರನೆಯದು ಕೆಲಸವನ್ನು ಚೂರು ಚೂರು ಮಾಡುವುದು. ಚಡ್ಡಿ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಹಿಡಿಯಬೇಕು, ಒಂದು ಕಾಲು ಹಾಕಬೇಕು, ಇನ್ನೊಂದು ಕಾಲು ಹಾಕಬೇಕು, ಮಂಡಿವರೆಗೆ ಎಳೆಯಬೇಕು, ತೊಡೆವರೆಗೆ ಎಳೆಯಬೇಕು, ಸೊಂಟಕ್ಕೆ ಏರಿಸಬೇಕು. ನಾವು ಕೊನೆಯಿಂದ ಕಲಿಸುತ್ತೇವೆ. ಸೊಂಟದ ಹತ್ತಿರದವರೆಗೆ ಅಮ್ಮ ಏರಿಸುತ್ತಾಳೆ, ಕೊನೆಯ ಒಂದು ಎಳೆತ ಮಗುವಿನದು. ‘ಹಾಕ್ಕೊಂಡ್ಬಿಟ್ಟ!’ ಎಂದು ಎಲ್ಲರೂ ಖುಷಿಪಡುತ್ತಾರೆ. ಅದು ಬಂದ ಮೇಲೆ ತೊಡೆಯಿಂದ, ಆಮೇಲೆ ಮಂಡಿಯಿಂದ. ಮೊದಲ ಹೆಜ್ಜೆಯಿಂದ ಕಲಿಸಿದರೆ ಮಗು ಮಧ್ಯದಲ್ಲೇ ಸೋತು ಕೂರುತ್ತದೆ. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಗೆದ್ದೇ ಮುಗಿಸುತ್ತದೆ.

ಇವೆಲ್ಲ ಸೇರಿ ಮಗುವಿಗೆ ಒಂದು ಯೋಜನೆ ಆಗುತ್ತದೆ, ಐಇಪಿ ಅನ್ನುತ್ತೇವೆ. ಅದರಲ್ಲಿ ‘ಮಾತು ಸುಧಾರಿಸುವುದು’ ಎಂಬಂಥ ಗುರಿ ಬರೆಯಬೇಡಿ. ‘ಮೂರು ತಿಂಗಳಲ್ಲಿ, ನೀರು ಬೇಕಾದಾಗ 5 ಸಲಕ್ಕೆ 4 ಸಲ ಲೋಟದ ಚಿತ್ರ ತಂದು ಕೊಡುತ್ತಾನೆ’ ಎಂದು ಬರೆಯಿರಿ. ಆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಿ ಹೇಳುವಂತಿರಬೇಕು. ಮುಖ್ಯವಾಗಿ, ಓದಿ ಹೇಳಿದರೆ ತಾಯಿಗೆ ಅರ್ಥವಾಗಬೇಕು.

ಹೆಜ್ಜೆ 5: ತಾಯಿಯ ದಿನವನ್ನು ಓದಿ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಪಾಂಡವಪುರ ಕಡೆಯ ಒಬ್ಬ ತಾಯಿಗೆ ಒಂದು ಪುಟದ ತುಂಬ ಮನೆಪಾಠ ಬರೆದುಕೊಟ್ಟೆ. ಬೆಳಗ್ಗೆ ಅರ್ಧ ಗಂಟೆ ಕೂರಿಸಿ ಮಣಿ ಪೋಣಿಸಿ, ಸಂಜೆ ಅರ್ಧ ಗಂಟೆ ಚಿತ್ರ ತೋರಿಸಿ, ಹೀಗೆ. ಮುಂದಿನ ವಾರ ಏನೂ ಆಗಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಬೇಸರದಿಂದ ಮಾತಾಡಿದೆ. ಆಕೆ ಒಂದು ತಿಂಗಳು ಬರಲೇ ಇಲ್ಲ.

ಮತ್ತೆ ಬಂದಾಗ ನಾನು ಕೇಳಿದ್ದು ಒಂದೇ: ‘ನಿಮ್ಮ ದಿನ ಹೇಗೆ ಹೋಗುತ್ತೆ, ಹೇಳಿ.’ ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸಬೇಕು, ಹಾಲು ಕರೆದು ಡೇರಿಗೆ ಹಾಕಬೇಕು, ಮುದ್ದೆ ತೊಳಸಬೇಕು, ಅತ್ತೆಗೆ ಸ್ನಾನ ಮಾಡಿಸಬೇಕು, ಕಬ್ಬು ಕಡಿಯುವ ಕಾಲದಲ್ಲಿ ಗದ್ದೆಗೂ ಹೋಗಬೇಕು. ಬೆಳಗ್ಗೆ ಅರ್ಧ ಗಂಟೆ ಮಣಿ ಪೋಣಿಸಲು ಅವಳಿಗೆ ಎಲ್ಲಿತ್ತು ಹೊತ್ತು?

ಆಮೇಲೆ ಇಬ್ಬರೂ ಕೂತು ಅವಳ ದಿನದೊಳಗೇ ಪಾಠ ಹುಡುಕಿದೆವು. ಹಾಲು ಕರೆಯುವಾಗ ಮಗು ಪಕ್ಕದಲ್ಲಿರಲಿ. ತಂಬಿಗೆ ಕೊಡುವ ಮುಂಚೆ ‘ಹಾಲು’ ಎಂದು ಹೇಳಿ, ಹತ್ತು ಎಣಿಸುವವರೆಗೆ ಕಾಯಿರಿ. ಹುರುಳಿ ಕೇರುವಾಗ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬೆರಳಲ್ಲಿ ಹಾಕಲಿ, ಬೆರಳಿಗೆ ಹಿಡಿತ ಬರುತ್ತದೆ, ಆದರೆ ಬಾಯಿಗೆ, ಮೂಗಿಗೆ ಹಾಕಿಕೊಳ್ಳದ ಹಾಗೆ ಕಣ್ಣಿಟ್ಟಿರಿ. ಸ್ನಾನ ಮಾಡಿಸುವಾಗ ಕೈ, ಕಾಲು, ತಲೆ ಎಂದು ಹೆಸರು ಹೇಳಿ. ಮಗುವನ್ನು ಕೂರಿಸಿ ಮಾಡುವ ಪಾಠ ಒಂದೂ ಇರಲಿಲ್ಲ. ಎರಡು ತಿಂಗಳಿಗೆ ಅವನು ಕೊಟ್ಟಿಗೆಯಲ್ಲಿ ‘ಆಲು’ ಎಂದ. ನಮ್ಮ ತರಗತಿಯಲ್ಲಿ ಹೇಳಲಿಲ್ಲ, ಕೊಟ್ಟಿಗೆಯಲ್ಲಿ ಹೇಳಿದ. ಆಕೆ ಅವತ್ತೇ ಫೋನು ಮಾಡಿ ಅತ್ತಳು.

ಹಾಗಾಗಿ ನನ್ನ ಜೊತೆ ತರಬೇತಿಗೆ ಬರುವವರಿಗೆ ಮೊದಲ ಭೇಟಿಯಲ್ಲಿ ಮಗುವಿನ ಪರೀಕ್ಷೆಗಿಂತ ಮುಂಚೆ ತಾಯಿಯ ದಿನಚರಿ ಬರೆದುಕೊಳ್ಳಲು ಹೇಳುತ್ತೇನೆ. ಮನೆಯಲ್ಲಿ ಯಾರಿದ್ದಾರೆ, ಯಾರ ಮಾತು ನಡೆಯುತ್ತದೆ, ಬಸ್ಸು ಎಷ್ಟು ಹೊತ್ತಿಗೆ, ಇಲ್ಲಿಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆಯೇ ಎಂಬುದನ್ನೆಲ್ಲ ಕೇಳಿ. ‘ನಾನು ಬಸುರಿಯಲ್ಲಿ ಏನೋ ತಪ್ಪು ಮಾಡಿದೆ ಅಲ್ವಾ ಮೇಡಂ?’ ಎಂದು ಬಹಳ ತಾಯಂದಿರು ಕೇಳುತ್ತಾರೆ. ಕೆಲವು ಮನೆಗಳಲ್ಲಿ ಅವಳಿಗೆ ಹಾಗೆಂದು ಹೇಳಿಯೇ ಕಳಿಸಿರುತ್ತಾರೆ. ಅವಳ ಕಣ್ಣು ನೋಡಿ, ಇಲ್ಲ ಎಂದು ಹೇಳಿ. ಸಾಧ್ಯವಾದರೆ ಗಂಡ, ಅತ್ತೆ ಎದುರಿಗೂ ಅದನ್ನೇ ಹೇಳಿ.

ಭಾಷೆಯ ವಿಷಯವೂ ಇಲ್ಲೇ ಬರುತ್ತದೆ. ಮಗುವಿಗೆ ಮಾತು ತಡ ಎಂದಾಗ ‘ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ’ ಎಂದು ಸಲಹೆ ಕೊಡುವವರಿದ್ದಾರೆ. ಇಂಗ್ಲಿಷ್ ಬಾರದ ತಾಯಿ ಆಗ ಮಗುವಿನ ಜೊತೆ ಮಾತಾಡುವುದನ್ನೇ ಕಡಿಮೆ ಮಾಡುತ್ತಾಳೆ. ತಾಯಿಗೆ ಯಾವ ಭಾಷೆಯಲ್ಲಿ ಸಲೀಸಾಗಿ ಮುದ್ದು ಮಾಡಲು, ಗದರಲು, ಹಾಡಲು ಬರುತ್ತದೋ ಅದೇ ಮಗುವಿನ ಮೊದಲ ಭಾಷೆ. ಮಂಡ್ಯದ ಹಳ್ಳಿ ಕನ್ನಡವಾಗಲಿ, ಮನೆಯ ಉರ್ದುವಾಗಲಿ, ತಮಿಳಾಗಲಿ. ನೀವೂ ಆ ಮಾತಿನ ಹತ್ತು ಪದ ಕಲಿಯಿರಿ. ಚಿತ್ರದ ಪುಸ್ತಕದಲ್ಲಿ ಆಪಲ್ ತೋರಿಸುವ ಬದಲು ಮಗು ದಿನಾ ನೋಡುವ ಸೀಬೆಹಣ್ಣು, ಎಮ್ಮೆ, ಟ್ರ್ಯಾಕ್ಟರು ತೋರಿಸಿ.

ಊಟದ ಬಗ್ಗೆ ಒಂದು ಎಚ್ಚರಿಕೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಮಲಗಿಸಿ ತಿನ್ನಿಸುವ ರೂಢಿ ಹಲವು ಮನೆಗಳಲ್ಲಿದೆ. ಅನ್ನ, ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಬೆನ್ನಿಗೆ ಆಸರೆ ಕೊಟ್ಟು, ನೆಟ್ಟಗೆ ಕೂರಿಸಿ, ಸಣ್ಣ ಸಣ್ಣ ತುತ್ತು ಕೊಡಬೇಕು. ಪದೇ ಪದೇ ಕೆಮ್ಮಿದರೆ, ಉಸಿರು ಕಟ್ಟಿದಂತಾದರೆ ನೀವೇ ಪ್ರಯೋಗ ಮಾಡಬೇಡಿ, ನುಂಗುವ ತೊಂದರೆ ನೋಡುವ ತಜ್ಞರ ಹತ್ತಿರ ಕಳಿಸಿ. ಅಗಿಯದೆ ನುಂಗುವ ಮುದ್ದೆ ಯಾವ ಮಗುವಿಗೆ ಸರಿ, ಯಾವ ಮಗುವಿಗೆ ಬೇಡ ಎಂಬುದನ್ನೂ ಅವರನ್ನೇ ಕೇಳಿ.

ಹೆಜ್ಜೆ 6: ಕಾಗದ ಪತ್ರ ಗೊತ್ತಿರಲಿ

ಇದು ಪಾಠದಲ್ಲಿ ಕಡಿಮೆ ಬರುತ್ತದೆ, ಕೆಲಸದಲ್ಲಿ ಜಾಸ್ತಿ ಬರುತ್ತದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಎಂದು ಪ್ರಮಾಣಪತ್ರ ಸಿಕ್ಕರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚಿಗೂ ಸ್ವಲ್ಪ ಸಿಗುತ್ತದೆ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರ ಫೋನ್ ನಂಬರು ನಿಮ್ಮ ಹತ್ತಿರ ಇದ್ದರೆ ಒಬ್ಬ ತಾಯಿಗೆ ನಾಲ್ಕು ಸಲ ಕಚೇರಿ ಸುತ್ತುವುದು ತಪ್ಪುತ್ತದೆ.

ಪುಟ್ಟ ಮಕ್ಕಳ ಕೆಲಸದಲ್ಲಿ ಬಟ್ಟೆ ಬದಲಿಸುವುದು, ಶೌಚಾಲಯಕ್ಕೆ ಕರೆದೊಯ್ಯುವುದು ಇದ್ದೇ ಇರುತ್ತದೆ. ಮುಟ್ಟುವ ಮುಂಚೆ ಮಗುವಿಗೆ ಹೇಳಿ, ಬಾಗಿಲ ಆಚೆ ಇನ್ನೊಬ್ಬರು ಇರುವಂತೆ ನೋಡಿಕೊಳ್ಳಿ. ಮಾತು ಬಾರದ ಮಗು ತನಗಾದದ್ದನ್ನು ಹೇಳಲಾರದು. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098. ‘ಶಾಲೆ ಹೆಸರು ಕೆಡುತ್ತದೆ’ ಎಂದು ಯಾರು ಹೇಳಿದರೂ ಕೇಳಬೇಡಿ.

ಹೆಜ್ಜೆ 7: ಕೆಲಸ ಹುಡುಕುವಾಗ

ಕೆಲಸ ಇದೆ, ಸಂಬಳ ಕಡೆಯಿಂದ ಕಡೆಗೆ ಬಹಳ ವ್ಯತ್ಯಾಸ. ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಲ್ಲಿ ಶುರುವಿನ ಸಂಬಳ ಕಡಿಮೆ, ಕಲಿಯಲು ಸಿಗುವುದು ಬಹಳ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಡಿ ತಾಲ್ಲೂಕುಗಳಲ್ಲಿ ಬಿಐಇಆರ್‌ಟಿಗಳು, ಅಂದರೆ ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಇದ್ದಾರೆ. ಶಾಲೆಗಳಿಗೆ ಹೋಗುತ್ತಾರೆ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುತ್ತಾರೆ. ಮನೆಯನ್ನು ಒಳಗಿನಿಂದ ನೋಡುವ ಅವಕಾಶ ಅದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಶೀಘ್ರ ಪತ್ತೆ ಕೇಂದ್ರಗಳಿಗೆ ವಿಶೇಷ ಶಿಕ್ಷಕರ ಹುದ್ದೆ ಇದೆ. ಕೂಸುಗಳ ಜೊತೆಯೇ ಕೆಲಸ ಮಾಡಬೇಕು ಎನ್ನುವವರಿಗೆ ಅದಕ್ಕಿಂತ ಹತ್ತಿರದ್ದು ಇಲ್ಲ. ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರು ಬೇಕು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ಅಂಗನವಾಡಿಗಳಿಗೂ 2023ರ ನವೆಂಬರ್‌ನಲ್ಲಿ ಇಂಥ ಮಕ್ಕಳಿಗಾಗಿ ಕೇಂದ್ರದಿಂದ ಕಾರ್ಯವಿಧಾನ ಬಂದಿದೆ. ಅಂಗನವಾಡಿಯಲ್ಲಿ ಈಗಾಗಲೇ ಇರುವವರು ಈ ಓದು ಓದಿದರೆ ಊರಿಗೇ ಉಪಕಾರ.

ಇನ್ನು ಖಾಸಗಿ ಥೆರಪಿ ಕೇಂದ್ರಗಳು. ಒಳ್ಳೆಯವು ಇವೆ, ಅಲ್ಲಿ ಸಂಬಳವೂ ಪರವಾಗಿಲ್ಲ. ಆದರೆ ‘ಆರು ತಿಂಗಳಲ್ಲಿ ಆಟಿಸಂ ಗುಣ’ ಎಂದು ಬೋರ್ಡು ಹಾಕಿದ ಕಡೆ ಹೋಗಬೇಡಿ. ಆಟಿಸಂ ಗುಣವಾಗುವ ಕಾಯಿಲೆ ಅಲ್ಲ. ಮಗು ಕಲಿಯುತ್ತದೆ, ಬದುಕು ಸಲೀಸಾಗುತ್ತದೆ, ಅದು ನಿಜ. ಗುಣ ಮಾಡುತ್ತೇವೆ ಎಂಬ ಸುಳ್ಳಿಗೆ ಒಡವೆ ಅಡವಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಆ ಸುಳ್ಳಿಗೆ ನಿಮ್ಮ ಸಿಆರ್‌ಆರ್ ಸಂಖ್ಯೆ ಸೇರುವುದು ಬೇಡ.

ಇಂಟರ್‌ವ್ಯೂಗೆ ಹೋಗುವಾಗ ನೀವು ಬರೆದ ಎರಡು ಐಇಪಿ, ಕೈಯಾರೆ ಮಾಡಿದ ನಾಲ್ಕಾರು ಕಲಿಕೆ ಸಾಮಗ್ರಿ ಕೊಂಡೊಯ್ಯಿರಿ. ಮಕ್ಕಳ ಹೆಸರು ಅಳಿಸಿರಲಿ. ಅವರು ನಿಮ್ಮನ್ನು ಕೇಳುವಂತೆ ನೀವೂ ಅವರನ್ನು ಕೇಳಿ. ಒಬ್ಬರಿಗೆ ಎಷ್ಟು ಮಕ್ಕಳು? ಸಂಬಳ ಯಾವ ತಾರೀಖಿಗೆ? ಪಿಎಫ್ ಇದೆಯಾ? ಹಿರಿಯರು ಯಾರಾದರೂ ಮೊದಲ ಆರು ತಿಂಗಳು ಜೊತೆಗಿದ್ದು ಹೇಳಿಕೊಡುತ್ತಾರಾ? ಆಯಾ ಇದ್ದಾರಾ, ಇಲ್ಲದಿದ್ದರೆ ದೊಡ್ಡ ಮಗುವನ್ನು ಎತ್ತಿ ಎತ್ತಿ ಐದೇ ವರ್ಷದಲ್ಲಿ ನಿಮ್ಮ ಸೊಂಟ ಹೋಗುತ್ತದೆ.

ಕೊನೆಗೆ ಇದೊಂದು ಕೇಳಿ: ‘ತಾಯಂದಿರು ತರಗತಿ ಒಳಗೆ ಬಂದು ಕೂರಬಹುದಾ?’ ‘ಬರಬಹುದು, ವಾರಕ್ಕೊಂದು ದಿನ ಅವರಿಗೇ ಇಟ್ಟಿದ್ದೇವೆ’ ಎಂದರೆ ಸಂಬಳ ಒಂದು ಸಾವಿರ ಕಡಿಮೆ ಇದ್ದರೂ ಆ ಕೆಲಸ ಒಪ್ಪಿಕೊಳ್ಳಿ. ‘ಇಲ್ಲ, ಗೇಟಿನ ಹತ್ತಿರವೇ ಮಗುವನ್ನು ತೆಗೆದುಕೊಳ್ಳುತ್ತೇವೆ’ ಎಂದರೆ ಬೇರೆ ಕಡೆ ಅರ್ಜಿ ಹಾಕಿ.